ಸೊನ್ನೆ ತಪ್ಪಿನ ಡೇರಿ

ಧನ್ಯಕುಮಾರ ಸಾಹುಕಾರರು ಪುಣೆಗೆ ಹೋದವರು ಬರುವಾಗ ಭಾಕರವಡಿ ತಿಂಡಿ ತರುವುದು ಬಿಟ್ಟು ಒಂದು ಸೀಡಿ ತಂದರು. ಕಲ್ಮೇಶನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಸಾಹುಕಾರರ ಮನೆತನ ತಲೆತಲಾಂತರದಿಂದ ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲ, ಒಣಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡಿಕೊಂಡು ಬಂದದ್ದು. ಇವರಿಗೆ ಮಾತ್ರ ಮೆಣಸಿನಕಾಯಿಯ ಘಾಟಿಗಿಂತ ಕಂಪ್ಯೂಟರಿನ ಗಾಳಿ ಹಿತವೆನಿಸಿ, ಶಿವಬಸವ ನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮಾಳಿಗೆ ಹಿಡಿದು ಸಾಫ್ಟ್‌ವೇರ್ ಕಂಪನಿ ತೆಗೆದಿದ್ದರು. ಇಸವಿ ಎರಡು ಸಾವಿರ ಬಂದರೆ ಜಗತ್ತಿನ ಕಂಪ್ಯೂಟರೆಲ್ಲ ಕೆಡುತ್ತವೆ ಎಂಬ ಗುಲ್ಲು ಎದ್ದಾಗ, ಪೇಟೆಯ ಅಂಗಡಿ ಅಂಗಡಿಗೂ ಹೋಗಿ 'ಈ ಯಂತ್ರಕ್ಕೆ ಭಯವಿಲ್ಲ' ಎಂಬ ಚೀಟಿ ಅಂಟಿಸಿ ಬಂದದ್ದೇ ಕಂಪನಿ ಅಲ್ಲಿಯವರೆಗೆ ಮಾಡಿದ ದೊಡ್ಡ ಕೆಲಸ. ತಕ್ಕಡಿಗಳಿಗೂ ಅಂಟಿಸಿದ್ದರು. ಹೊಸ ವರ್ಷ ಬಂತು, ತಕ್ಕಡಿಗಳು ಕೆಡಲಿಲ್ಲ. ಅದು ತಮ್ಮ ಕಂಪನಿಯ ಗುಣಮಟ್ಟವೆಂದೇ ಸಾಹುಕಾರರು ನಂಬಿದ್ದರು.

ಪುಣೆಯ ಸೀಡಿಯಲ್ಲಿ ಇದ್ದದ್ದು ಲಿಂಟ್ ಎಂಬ ಅಮೆರಿಕದ ಸಾಮಾನು. ಬಟ್ಟೆಗೆ ಅಂಟುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರಂತೆ. ಅದು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಓದಿ, ಇಲ್ಲಿ ಜಾಗ ಹೆಚ್ಚು ಬಿಟ್ಟಿದ್ದೀರಿ, ಇಲ್ಲಿ ಬಿಟ್ಟೇ ಇಲ್ಲ, ಈ ಸಾಲು ಉದ್ದ, ಆ ಹೆಸರು ಗಿಡ್ಡ ಎಂದು, ಸೊಸೆಯ ರೊಟ್ಟಿಯಲ್ಲಿ ಕೊರತೆ ಹುಡುಕುವ ಅತ್ತೆಯ ಹಾಗೆ ತಪ್ಪು ಎಣಿಸುತ್ತಿತ್ತು. ಪ್ರೋಗ್ರಾಮು ನಡೆಯುತ್ತದೋ ಇಲ್ಲವೋ ಎಂಬ ಚಿಂತೆ ಅದಕ್ಕೆ ಇರಲಿಲ್ಲ. ಆ ಚಿಂತೆ ಸಾಹುಕಾರರಿಗೂ ಇರದ ಕಾರಣ ಇಬ್ಬರಿಗೂ ಬಹಳ ಕೂಡಿಬಂತು.

ಆ ದಿನ ಮುಂಜಾನೆ ಅವರು ಕಂಪನಿಯ ಸಮಸ್ತ ನೌಕರರನ್ನು ಕರೆದರು. ಸಮಸ್ತ ಎಂದರೆ ಮೂವರು: ಕಲ್ಮೇಶ, ಸುಜಯ, ಪ್ರಮಿಳಾ.

"ಇವತ್ತ ಖಾನಾಪುರದ ಹಾಲಿನ ಡೇರಿ ಪ್ರೋಗ್ರಾಮು ಉದ್ಘಾಟನಾ ಐತಿ. ಪುಣೆಯಿಂದ ಪೂನಮ್ ಮೇಡಮ್ಮಾರು ಗುಣಮಟ್ಟ ನೋಡಾಕ ನೆಟ್ಟಗ ಅಲ್ಲಿಗೇ ಬರಾಕತ್ತಾರ. ತಪ್ಪಿನ ಲೆಕ್ಕ ಸೊನ್ನಿ ಇದ್ರ ಸರ್ಟಿಫಿಕೇಟು, ಇಲ್ಲಂದ್ರ ಇಲ್ಲ. ಈಗ ಎಷ್ಟ್ ಅದಾವ?"

"ಎಣಸಾಕ ಆಗವಲ್ದರೀ ಸರ್," ಎಂದಳು ಪ್ರಮಿಳಾ. ಕಂಪನಿಯಲ್ಲಿ ಪುಸ್ತಕ ಓದುವ ಅಭ್ಯಾಸ ಇದ್ದವಳು ಅವಳೊಬ್ಬಳೇ. ಹೀಗಾಗಿ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ. "ಹಾಳಿ ತೀರಿದ್ವು. ಪ್ರಿಂಟರ್ ಇನ್ನೂ ಹೊಡಿಯಾಕ ಹತ್ತೇತಿ."

"ಇದನ್ನ ಯಾರು ಸೊನ್ನಿ ಮಾಡ್ತಾರೋ ಅವರನ್ನ ಇವತ್ತs ಕಾಯಂ ಮಾಡ್ತೀನಿ!"

ಕಾಯಂ ಎಂಬ ಶಬ್ದ ಬಿದ್ದದ್ದೇ ಕಲ್ಮೇಶ ಕುರ್ಚಿಯಿಂದ ಎದ್ದು ನಿಂತ. ಅವನದು ಜಾಂಬೋಟಿ ಕಡೆಯ ಹಳ್ಳಿ. ಎಮ್ಮೆ ಮೇಯಿಸಿ, ಭತ್ತ ಬೆಳೆದು ಅಪ್ಪ ಅವನಿಗೆ ಡಿಪ್ಲೊಮಾ ಓದಿಸಿದ್ದ. ಓದಿದ ಮೇಲೆ ಕಲ್ಮೇಶನಿಗೆ ತಾನು ಬಹಳ ಬುದ್ಧಿವಂತ ಎಂಬ ಕಾಯಿಲೆ ಅಂಟಿಕೊಂಡಿತ್ತು. ಒಂದು ತಾಸಿನ ಕೆಲಸ ತಪ್ಪಿಸಲು ಒಂದು ದಿನ ಬೆವರು ಸುರಿಸುವಷ್ಟು ಬುದ್ಧಿವಂತ. ಖಾನಾಪುರದ ಪದ್ಮವ್ವನ ಮಗಳು ಲಕ್ಷ್ಮೀ ಕಾಲೇಜು ಓದುತ್ತಿದ್ದಳು, ಅವಳನ್ನು ಲಗ್ನಕ್ಕೆ ಕೇಳಲು ಹೋದಾಗ ಪದ್ಮವ್ವ ಎಮ್ಮೆಯ ಕೆಚ್ಚಲಿನಿಂದ ಮುಖ ಎತ್ತದೆ ಒಂದೇ ಮಾತು ಹೇಳಿದ್ದಳು: "ಟೆಂಪ್ರವರಿ ಅಳಿಯ ನಮಗ ಬ್ಯಾಡ ತಮ್ಮಾ. ಕಾಯಂ ಆಗಿ ಬಾ."

"ನಾ ಮಾಡ್ತೀನ್ರಿ ಸರ್," ಎಂದ ಕಲ್ಮೇಶ.

ಮೂವರೂ ಬರೆದ ಪ್ರೋಗ್ರಾಮುಗಳು ಮೂಲೆಯಲ್ಲಿದ್ದ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಬಂದು ಬೀಳುತ್ತಿದ್ದವು. ಹೊರಗಿನವರು ಅಂಥದ್ದಕ್ಕೆ ರಿಪಾಸಿಟರಿ ಎನ್ನುತ್ತಾರೆ. ಈ ಆಫೀಸಿನಲ್ಲಿ ಅದರ ಹೆಸರು ಹಗೇವು. ಜೋಳ ತುಂಬುವ ಹಗೇವಿನ ಹಾಗೆಯೇ ಅದಕ್ಕೆ ಸುರಿಯುವುದು ಸುಲಭ. ಒಳಗೆ ಇಳಿದವನು ಉಸಿರುಗಟ್ಟಿ ಸಾಯುತ್ತಿದ್ದ. ಕಲ್ಮೇಶ ಇಳಿದ. ಒಂದು ತಪ್ಪು ತಿದ್ದಿದ. ಲಿಂಟ್ ಮತ್ತೆ ಓದಿ, ಈಗ ಎರಡು ಹೊಸ ತಪ್ಪು ಆಗಿವೆ ಎಂದಿತು. ಆ ಎರಡನ್ನು ತಿದ್ದಿದ. ಅವುಗಳ ಮಕ್ಕಳು ಮರಿ ಎಲ್ಲ ಹೊರಬಂದವು. ಕೆಳಗೆ ಗಿರಣಿ ಜೋಳ ಬೀಸುತ್ತಿತ್ತು, ಮೇಲೆ ಹಿಟ್ಟಿನ ಧೂಳು ಬಂದು ಅವನ ಮೀಸೆಯನ್ನು ಬೆಳ್ಳಗೆ ಮಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಸುಜಯ ಚಹಾದ ಕಪ್ಪು ಹಿಡಿದು ಬೆನ್ನ ಹಿಂದೆ ಬಂದು ನಿಂತ. ಸುಜಯ ಯಾವ ಪುಸ್ತಕವನ್ನೂ ಅರ್ಧಕ್ಕಿಂತ ಮುಂದೆ ಓದಿದವನಲ್ಲ. ಆದರೆ ಆ ಅರ್ಧವನ್ನು ಎಲ್ಲರಿಗೂ ಕಲಿಸುತ್ತಿದ್ದ.

"ಏನ್ ಲೇ, ಅಕ್ಕಿ ಆರಿಸಿದಂಗ ಒಂದೊಂದ ಆರಸಾಕತ್ತಿ? ಆ ಕರೀ ಪರದಿ ತಗಿ. ಲಿಂಟ್ ಅಂತ ಹೊಡಿ. ಮುಂದ ಅಡ್ಡಗೆರಿ ಹಾಕಿ ಫಿಕ್ಸ್ ಅಂತ ಹೊಡಿ. ಅದರ ಬಾಜೂಕ ಆಲ್. ಎಲ್ಲಾ ತಪ್ಪು ತಾನs ತಿದ್ಕೊಂತೈತಿ."

"ಖರೇ?"

"ಅಮೆರಿಕಾದವರು ನಿನ್ನಂಗ ಕುಂತ ತಿದ್ದತಾರಂತ ತಿಳದಿಯೇನ?"

ಪ್ರಮಿಳಾ ತನ್ನ ಜಾಗದಿಂದಲೇ ಕೂಗಿದಳು. "ಕಲ್ಮೇಶಾ, ಏನೇನ್ ತಿದ್ದತೈತಿ ಅಂತ ಮೊದ್ಲ ಪುಸ್ತಕದಾಗ ನೋಡು. ಇಲ್ಲಾ, ಒಂದs ಫೈಲಿಗೆ ಹಚ್ಚಿ ನೋಡು."

"ಒಂದಕ್ಕ ಹಚ್ಚೂದಿದ್ರ ಆಲ್ ಅಂತ ಯಾಕ ಇಟ್ಟಾರವಾ ಅವರು?" ಎಂದು ಕಲ್ಮೇಶ ನಕ್ಕ. ಬುದ್ಧಿವಂತರ ನಗೆ ಅದು. ಕರೀ ಪರದೆ ತೆಗೆದ, ಸುಜಯ ಹೇಳಿದಂತೆ ಹೊಡೆದ. ಕಂಪ್ಯೂಟರು ಇಂಗ್ಲಿಷಿನಲ್ಲಿ, ನಿಮಗೆ ಇದು ಖಂಡಿತವೇ ಎಂದು ಕೇಳಿತು. ಕಲ್ಮೇಶ ಹೌದು ಎಂದ. ಯೋಚಿಸಿ ಹೇಳಿ ಎಂದು ಮತ್ತೆ ಕೇಳಿತು. ಯಂತ್ರದಿಂದ ಬುದ್ಧಿ ಹೇಳಿಸಿಕೊಳ್ಳುವ ಮನುಷ್ಯನೇ ಅವನು? ಗುಂಡಿ ಒತ್ತಿಯೇಬಿಟ್ಟ.

ಪರದೆಯ ಮೇಲೆ ಸಾಲುಗಳು ಮಳೆಗಾಲದ ಮಲಪ್ರಭೆಯಂತೆ ಹರಿದವು. ತಪ್ಪಿನ ಲೆಕ್ಕ ಇಳಿಯುತ್ತ ಹೋಯಿತು. ಸಾಹುಕಾರರು ಓಡಿಬಂದು, ಹರಾಜಿನಲ್ಲಿ ನಿಂತವರ ಹಾಗೆ ಎರಡೂ ಕೈ ಎತ್ತಿ ಅಂಕಿಗಳನ್ನು ಹುರಿದುಂಬಿಸತೊಡಗಿದರು. ಒಂದು ಹಂತಕ್ಕೆ ಬಂದು ಲೆಕ್ಕ ನಿಂತಿತು.

"ಯಾಕ ನಿಂತತಿ?"

"ಹಗೇವಿನ್ಯಾಗ ಹಳೇ ಪ್ರತಿ ಅದಾವಲ್ಲರೀ, ಅವನ್ನೂ ಎಣಸಾಕತ್ತೇತಿ," ಎಂದ ಕಲ್ಮೇಶ. "ಏನರೇ ಕೆಟ್ರ ಇರ್ಲಿ ಅಂತ ಇಟ್ಟದ್ದು."

"ಕೆಡೂದು ಅನ್ನೂ ಮಾತ ಯಾಕ? ಅಪಶಕುನ! ಅಳಸು ಅವನ್ನ."

"ಸರ್, ಹಳೇ ಪ್ರತಿ ಅಳಸಬ್ಯಾಡ್ರಿ," ಎಂದಳು ಪ್ರಮಿಳಾ.

"ನೋಡವಾ ಪ್ರಮಿಳಾ, ಮನ್ಯಾಗ ಹಳೇ ಚಪ್ಪಲಿ ಕೂಡಿ ಹಾಕಿದಂಗ ಇದೂ," ಎಂದರು ಸಾಹುಕಾರರು. ಅವರ ಮನೆಯಲ್ಲಿ ಹಳೇ ಚಪ್ಪಲಿಗಳ ಒಂದು ಕೋಣೆಯೇ ಇತ್ತು.

ಕಲ್ಮೇಶ ಇನ್ನೊಂದು ಆಜ್ಞೆ ಹೊಡೆದ. ಹಳೆಯದೆಲ್ಲ ಹೋಯಿತು. ಪರದೆಯ ಮೇಲೆ ಒಂದು ಸೊನ್ನೆ ಮೂಡಿತು, ದುಂಡಗೆ, ಕಡುಬಿನಂತೆ. ಸಾಹುಕಾರರು ಕಲ್ಮೇಶನನ್ನು ಅಪ್ಪಿಕೊಂಡು ಹಿಟ್ಟು ಮೆತ್ತಿಸಿಕೊಂಡರು. ಸುಜಯ, "ನಾನs ಹೇಳಿಕೊಟ್ಟೆರೀ," ಎಂದು ಅವರ ಇನ್ನೊಂದು ಭುಜಕ್ಕೆ ಜೋತುಬಿದ್ದ. ಪ್ರೋಗ್ರಾಮನ್ನು ಫ್ಲಾಪಿಗಳಿಗೆ ಇಳಿಸಿಕೊಂಡು, ಒಂದು ಡಬ್ಬಿ ಕುಂದಾ ಕಟ್ಟಿಸಿಕೊಂಡು, ನಾಲ್ವರೂ ಟ್ರ್ಯಾಕ್ಸ್ ಗಾಡಿ ಹತ್ತಿ ಖಾನಾಪುರಕ್ಕೆ ಹೊರಟರು. ತಿದ್ದಿದ ಪ್ರೋಗ್ರಾಮನ್ನು ಒಮ್ಮೆ ನಡೆಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರಮಿಳಾಗೆ ಹೊಳೆದಿತ್ತು, ಅವಳು ಹೇಳಲಿಕ್ಕೆ ಹೋಗಲಿಲ್ಲ.

ದೇಸೂರು ದಾಟುವಾಗ ಪ್ರಮಿಳಾ ಚೀಲದಿಂದ ಲಿಂಟಿನ ಪುಸ್ತಕ ತೆಗೆದು ಓದುತ್ತಿದ್ದವಳು ಒಮ್ಮೆಲೇ ಕೇಳಿದಳು. "ಸುಜಯಾ, ಡೇರಿ ಮೆಂಬರ್ಸ್ ಹೆಸರು ಎಲ್ಲಿ ಇಟ್ಟಿ?"

"ಪ್ರೋಗ್ರಾಮಿನ ಒಳಗs. ಡೇಟಾಬೇಸು ಪಾಟಾಬೇಸು ಅಂತ ಬ್ಯಾರೆ ಇಟ್ರ ಎಲ್ಲೆರೆ ಕಳೀತಾವ."

"ಇಂಗ್ಲಿಷ್ ಅಕ್ಷರದಾಗ?"

"ಮತ್ತ?"

ಪ್ರಮಿಳಾ ಕಲ್ಮೇಶನ ಕಡೆ ತಿರುಗಿ, ವೈದ್ಯರು ರಿಪೋರ್ಟ್ ಓದುವ ದನಿಯಲ್ಲಿ ಓದಿದಳು. "ಪ್ರೋಗ್ರಾಮಿನ್ಯಾಗ ಬರೂ ಎಲ್ಲಾ ಶಬ್ದ ಇಂಗ್ಲಿಷ್ ನಿಘಂಟಿನ್ಯಾಗ ಇರಬೇಕಂತ. ಇಲ್ಲದಿದ್ರ ಅದೂ ಒಂದು ತಪ್ಪು. ಫಿಕ್ಸ್ ಆಲ್ ಅಂತ ಹೊಡದ್ರ, ಅಂಥ ಶಬ್ದ ತಗದು, ಅದರ ಹತ್ರ ಹತ್ರ ಕಾಣೂ ನಿಘಂಟಿನ ಶಬ್ದ ಹಾಕ್ತೈತಂತ."

ಕಲ್ಮೇಶನ ಮೀಸೆ ಮೊದಲೇ ಬೆಳ್ಳಗಿತ್ತು. ಈಗ ಮುಖವೂ ಅದಕ್ಕೆ ಹೊಂದಿಕೊಂಡಿತು.

"ಸರ್, ಗಾಡಿ ತಿರುಗಿಸೂಣೇನ್ರಿ? ಒಂದ್ ಸಣ್ಣ ಕೆಲಸ ಉಳದೈತಿ…"

"ಸೊನ್ನಿ ಐತೋ ಇಲ್ಲೋ?"

"ಐತ್ರಿ, ಆದ್ರ…"

"ಸೊನ್ನೀ ಕೆಳಗ ಏನ್ ಮಾಡಾಂವ ನೀ? ನಡೀರಿ ಡ್ರೈವರ್."

ಖಾನಾಪುರದ ಡೇರಿ ಎಂದರೆ ಹಂಚಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಅದರ ಮುಂದೆ ಮಂಟಪ ಹಾಕಿ, ಮಾವಿನ ತೋರಣ ಕಟ್ಟಿ, ಧ್ವನಿವರ್ಧಕ ಹಚ್ಚಿದ್ದರು. ಹಾಲು ಹಾಕುವ ಮಂದಿಯೆಲ್ಲ ಕ್ಯಾನುಗಳನ್ನು ತಿರುವಿ ಹಾಕಿ ಅವುಗಳ ಮೇಲೆಯೇ ಕೂತಿದ್ದರು. ಚೇರಮನ್ ಸಿದರಾಯರು ತಲೆಗೆ ಕೇಸರಿ ಪಟಕಾ ಸುತ್ತಿ ಕಂಪ್ಯೂಟರಿನ ಬಾಜೂಕೆ ಮದುಮಗನಂತೆ ನಿಂತಿದ್ದರು. ಆ ಕಂಪ್ಯೂಟರಿಗೆ ಕುಂಕುಮ, ಅರಿಷಿಣ, ಮಲ್ಲಿಗೆ ಎಲ್ಲ ಆಗಿತ್ತು. ಗುಂಡಿಗಳ ನಡುವೆ ಅಕ್ಕಿಕಾಳು ಬಿದ್ದಿದ್ದವು. ಸುಜಯ ಹೋದದ್ದೇ ಫ್ಲಾಪಿಗಳನ್ನು ಒಂದೊಂದಾಗಿ ತುರುಕಿ ಪ್ರೋಗ್ರಾಮನ್ನು ಅದರೊಳಗೆ ಇಳಿಸಿದ. ಮುಂದಿನ ಸಾಲಿನಲ್ಲಿ ಪದ್ಮವ್ವ, ಅವಳ ಬಾಜೂಕೆ ಲಕ್ಷ್ಮೀ. ಕಲ್ಮೇಶನನ್ನು ಕಂಡು ಲಕ್ಷ್ಮೀ ತುಟಿಯಲ್ಲೇ ನಕ್ಕಳು. ಬೇರೆ ದಿನ ಆಗಿದ್ದರೆ ಅವನು ಅದರ ಮೇಲೆ ಒಂದು ವಾರ ಬದುಕುತ್ತಿದ್ದ.

ಪೂನಮ್ ಮೇಡಂ ಇನ್ನೂ ಬಂದಿರಲಿಲ್ಲ. ಅವರ ಕಾರು ದಾರಿ ತಪ್ಪಿ ಜಾಂಬೋಟಿಯ ಕಾಡು ಹೊಕ್ಕಿದೆ ಎಂದು ಫೋನು ಬಂದಿತ್ತು.

"ಮೇಡಮ್ಮಾರು ಬರೂ ಮಟಾ ತಡಿಯೂಣ್ರಿ," ಎಂದ ಕಲ್ಮೇಶ ಆಸೆಯಿಂದ.

"ಮುಹೂರ್ತ ತಡೀತೈತೇನು?" ಎಂದರು ಚೇರಮನ್ನರು.

ಕಲ್ಮೇಶ ಬಗ್ಗಿ, ಚಪ್ಪಲಿ ಸರಿಮಾಡಿಕೊಂಡವನಂತೆ ನಟಿಸಿ, ಕಂಪ್ಯೂಟರಿನ ವಾಯರ್ ಕಿತ್ತ. "ಅಯ್ಯೋ, ಕರೆಂಟ್ ಹೋತ್ರಿ! ಇನ್ನೊಂದ ದಿನ ಇಟ್ಕೊಳ್ಳೂಣು."

ಸಿದರಾಯರ ಮುಖ ಅರಳಿತು. ಅವರು ಹೊಸ ಜನರೇಟರ್ ತಂದು ಇಟ್ಟು, ಕರೆಂಟು ಯಾವಾಗ ಹೋಗುತ್ತದೆಂದು ಕಾಯುತ್ತಿದ್ದರು. "ಹಚ್ಚ್ರೀ ಜನರೇಟರ್!" ಎಂದು ಕೂಗಿದರು. ಅದು ಸತ್ತ ಕೋಣ ಎದ್ದು ಬಂದಂತೆ ಗುಟುರು ಹಾಕಿತು. ಆ ಕಡೆಯಿಂದ ನಾಲ್ಕು ಮಂದಿ ಬಂದು ವಾಯರ್ ಜೋಡಿಸಿದರು, ಮೂವರು ಗುಂಡಿ ಒತ್ತಿದರು, ಒಬ್ಬ ತೆಂಗಿನಕಾಯಿ ಒಡೆದು ನೀರನ್ನು ಕಂಪ್ಯೂಟರಿನ ಮೇಲೆ ಚಿಮುಕಿಸಿದ. ಸಾಯಬೇಕಾದ ಆ ಕಂಪ್ಯೂಟರು ಸಾಯದೆ ಕಣ್ಣು ತೆರೆಯಿತು.

ಪರದೆಯ ನೆತ್ತಿಯ ಮೇಲೆ ಇರಬೇಕಾದದ್ದು ಖಾನಾಪುರ ಹಾಲಿನ ಸಂಘ, ಬೆಳಗಾವಿ ಜಿಲ್ಲೆ ಎಂದು. ಮೂಡಿದ್ದು 'ಕಾಂಗರೂ ಮಿಲ್ಕ್ ಸೊಸೈಟಿ, ಬಬಲ್‌ಗಮ್ ಡಿಸ್ಟ್ರಿಕ್ಟ್'. ಅದರ ಕೆಳಗೆ, ಈ ಪ್ರೋಗ್ರಾಮಿನ ನಿರ್ಮಾತೃ ಧನ್ಯಕುಮಾರ ಎಂದು ಇರಬೇಕಾದ ಕಡೆ 'ಕುಕುಂಬರ್' ಎಂದಿತ್ತು.

ಸಾಹುಕಾರರು ಎರಡು ಸಲ ಓದಿದರು. "ಕಲ್ಮೇಶಾ, ಕುಕುಂಬರ್ ಅಂದ್ರ ಸೌತಿಕಾಯಿ ಅಲ್ಲೇನು?"

"ಹೌದ್ರಿ ಸರ್."

"ಹಂಗಂತ ಇಲ್ಲಿ ಯಾಕ ಬಂದೈತಿ?"

ಉತ್ತರ ಕೊಡುವಷ್ಟರಲ್ಲಿ ಚೇರಮನ್ನರು ಮೊದಲ ಹಾಲಿನ ಚೀಟಿ ತಮ್ಮ ಮೆಂಬರ್ ನಂಬರಿಗೇ ಹೊಡೆಸಿ, ಎತ್ತಿ ಹಿಡಿದು ಮಂದಿಗೆಲ್ಲ ತೋರಿಸಿದರು. ಇಂಗ್ಲಿಷ್ ಓದಲು ಅವರಿಗೆ ಬರುತ್ತಿರಲಿಲ್ಲ. "ಲಕ್ಷ್ಮೀ, ನೀ ಕಾಲೇಜು ಕಲತಾಕಿ. ಬಾರವಾ, ಮೈಕಿನ್ಯಾಗ ಓದು."

ಲಕ್ಷ್ಮೀ ಬಂದು ಓದಿದಳು. ಧ್ವನಿವರ್ಧಕದಲ್ಲಿ ಅದು ಮಲಪ್ರಭಾ ಸೇತುವೆಯವರೆಗೂ ಕೇಳಿಸಿತು. "ಸ್ಯಾಟರ್ಡೇ."

"ಏನ್ ಹಂಗಂದ್ರ?"

"ಶನಿವಾರ್ರಿ ಕಾಕಾ."

ಸಿದರಾಯರ ಪಟಕಾ ಅಲುಗಿತು. "ಏನಂದಿ? ನನಗ ಶನಿ ಅಂತೈತೇನು ಈ ಡಬ್ಬಿ?"

ಕಲ್ಮೇಶನ ಬುದ್ಧಿವಂತಿಕೆ ಇಲ್ಲಿ ಮತ್ತೊಮ್ಮೆ ತಲೆಯೆತ್ತಿತು. ಮೈಕು ಕಸಿದುಕೊಂಡು ಹೇಳಿದ. "ಇದು ಗುಪ್ತ ಹೆಸರ್ರಿ ಚೇರಮನ್ನರ! ನಿಮ್ಮ ಹಾಲು ಬ್ಯಾರೆಯವರು ತಮ್ಮ ಹೆಸರಿಗೆ ಹಾಕ್ಕೋಬಾರದು ಅಂತ ಎಲ್ಲಾರಿಗೂ ಒಂದೊಂದು ಗುಪ್ತ ಹೆಸರು ಇಟ್ಟೇವಿ."

ಮಂದಿಗೆ ಈ ಮಾತು ಹಿಡಿಸಿತು. ಪ್ರತಿಯೊಬ್ಬರೂ ಬಾಜೂಕಿನವನ ಮೇಲೆ ಅದೇ ಸಂಶಯ ಇಟ್ಟುಕೊಂಡೇ ಹಾಲು ಹಾಕುತ್ತ ಬಂದವರು. ಅಲ್ಲಿಗೆ ಬಿಟ್ಟಿದ್ದರೆ ಉಳಿಯುತ್ತಿತ್ತು. ಆದರೆ ಎಲ್ಲರಿಗೂ ತಮ್ಮ ತಮ್ಮ ಗುಪ್ತ ಹೆಸರು ಅಲ್ಲೇ ಮೈಕಿನಲ್ಲಿ ಕೇಳುವ ಆಸೆ ಹುಟ್ಟಿತು.

ಸತ್ಯಪ್ಪ ಎಂಬ ಹಿರಿಯರಿಗೆ 'ಸ್ಲಿಪ್ಪರ್' ಎಂದು ಬಂತು. "ಚಪ್ಪಲ್ರಿ ಅಜ್ಜಾ," ಎಂದಳು ಲಕ್ಷ್ಮೀ ತಲೆ ತಗ್ಗಿಸಿ. ಬಾಳವ್ವನಿಗೆ 'ಗ್ವಾವಾ', ಪ್ಯಾರಲಹಣ್ಣು. ಅವಳು ಸುಮ್ಮನಿರುತ್ತಿದ್ದಳೇನೋ, ಹಿಂದಿನಿಂದ ಯಾರೋ "ಹಣ್ಣಾಗೇತೋ ಕಾಯಿ ಐತೋ?" ಎಂದು ಕೇಳಿ ಕೆಡಿಸಿದರು. ಮಾಯಕ್ಕನಿಗೆ 'ಮಲೇರಿಯಾ' ಬಂತು. ಅದರ ಅರ್ಥ ಯಾರಿಗೂ ಹೇಳಬೇಕಾಗಲಿಲ್ಲ. ಅವಳ ಆಚೆ ಈಚೆ ಕೂತವರು ತಮ್ಮ ಕ್ಯಾನು ಎತ್ತಿಕೊಂಡು ದೂರ ಸರಿದರು.

ಆಮೇಲೆ ಬಂದ ಚೀಟಿಯನ್ನು ನೋಡಿ ಲಕ್ಷ್ಮೀ ಓದದೆ ನಿಂತಳು.

"ಯಾರದವಾ?"

"ನಮ್ಮವ್ವಂದು."

"ಓದು ಮತ್ತ."

"ಪಾಜಾಮಾ," ಎಂದಳು ಲಕ್ಷ್ಮೀ. ಧ್ವನಿವರ್ಧಕ ಅದನ್ನು ಮೂರು ಸಲ ಮಾರ್ದನಿಸಿತು.

ಪದ್ಮವ್ವ ಎದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಎಮ್ಮೆ ಕಟ್ಟಿ, ಮಗಳನ್ನು ಕಾಲೇಜಿಗೆ ಹಚ್ಚಿದ ಹೆಂಗಸು ಅವಳು. ಊರಲ್ಲಿ ಅವಳ ಮುಂದೆ ಯಾರೂ ದನಿ ಎತ್ತುತ್ತಿರಲಿಲ್ಲ. "ತಮ್ಮಾ ಕಲ್ಮೇಶಾ," ಎಂದಳು ಮೆತ್ತಗೆ, "ನನ್ನ ಮಗಳನ್ನ ಕೇಳಾಕ ಬಂದಿದ್ದಿ. ಬಂದ ಮ್ಯಾಲ ಅತ್ತೀಗೆ ಪಾಜಾಮಾ ಅಂತ ಹೆಸರಿಟ್ಟಿ. ಇನ್ನ ಲಗ್ನ ಆದ್ರ ನನಗ ಏನಂತ ಕರೀತಿ?"

"ನಾ ಇಟ್ಟದ್ದಲ್ಲರೀ ಅತ್ತಿ… ಅಲ್ಲ, ಅಕ್ಕಾರ… ಯಂತ್ರ ಇಟ್ಟದ್ದು…"

ಆಗ ಗದ್ದಲ ಎದ್ದಿತು. ಮರಾಠಿ ಮಾತಾಡುವವರು, ಇದು ಕನ್ನಡದವರ ಕಿತಾಪತಿ ಎಂದರು. ಕನ್ನಡ ಮಾತಾಡುವವರು, ಇದು ಮರಾಠಿಯವರ ಹೂಟ ಎಂದರು. ತೋಳು ಏರಿಸುವ ಹೊತ್ತಿಗೆ ಎರಡೂ ಕಡೆಯವರು ಚೀಟಿ ಹೋಲಿಸಿ ನೋಡಿಕೊಂಡು, ಎರಡೂ ಕಡೆ ಸಮನಾಗಿಯೇ ಮರ್ಯಾದೆ ಹೋಗಿದೆ ಎಂಬುದು ಖಾತ್ರಿಯಾಗಿ, ಒಂದಾದರು. ಆ ಊರಲ್ಲಿ ಅಷ್ಟು ಒಗ್ಗಟ್ಟನ್ನು ಯಾರೂ ಕಂಡಿರಲಿಲ್ಲ. ಒಗ್ಗಟ್ಟಾಗಿ ಅವರು ಮೊದಲು ಮಾಡಿದ ಕೆಲಸ, ಅತಿಥಿಗಳಿಗೆಂದು ಇಟ್ಟಿದ್ದ ಹಂಡೆಯ ಮಜ್ಜಿಗೆಯನ್ನು ಕಲ್ಮೇಶನ ತಲೆಯ ಮೇಲೆ ಸುರಿದದ್ದು. ಒಗ್ಗರಣೆ ಹಾಕಿದ ಮಜ್ಜಿಗೆ. ಕರಿಬೇವು ಅವನ ಕಿವಿಯ ಮೇಲೆ ಕೂತಿತು.

"ಸಾಹೇಬ್ರ!" ಎಂದು ಅವನು ಧನ್ಯಕುಮಾರರ ಕಡೆ ಕೈ ಚಾಚಿದ.

"ಯಾರಿಂವ?" ಎಂದರು ಸಾಹುಕಾರರು ಮಂದಿಯ ಕಡೆ ತಿರುಗಿ. "ನಮ್ಮ ಆಫೀಸಿಗೆ ಆಗಾಗ ಬರ್ತಾನ. ಟೆಂಪ್ರವರಿ ಮನಶ್ಯಾ. ಇವತ್ತಿಂದ ಅದೂ ಇಲ್ಲ." ಸುಜಯ ಅಷ್ಟು ಹೊತ್ತಿಗೆ ಮಂದಿಯಲ್ಲಿ ಸೇರಿ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಪ್ರಮಿಳಾ ಒಬ್ಬಳೇ ಕಲ್ಮೇಶನ ಕೈಗೆ ಕರವಸ್ತ್ರ ಕೊಟ್ಟು, "ಹಿಂದಕ ಭಾವಿ ಐತಿ, ಹೋಗಿ ತೊಳಕೋ," ಎಂದಳು.

ಅವನು ಹಿತ್ತಲಿಗೆ ಹೋದದ್ದೇ, ಮುಂದೆ ಕಾರು ಬಂದು ನಿಂತಿತು. ಪೂನಮ್ ಮೇಡಂ ಇಳಿದರು. ಕಾಡು ಸುತ್ತಿ ಸುತ್ತಿ ಅವರ ಮುಖ ಸೊಪ್ಪಾಗಿತ್ತು. ಬೇಗ ನೋಡಿ ಬೇಗ ಹೋಗಬೇಕೆಂಬ ಒಂದೇ ಆಸೆ ಅವರಿಗೆ ಉಳಿದಿತ್ತು. ಗುಣಮಟ್ಟ ನೋಡುವುದು ಹೀಗೆ: ಪರದೆಯ ಮೂಲೆಯಲ್ಲಿನ ಅಂಕಿ ನೋಡಬೇಕು. ನೋಡಿದರು. ಸೊನ್ನೆ. ಪುಣೆಯಲ್ಲಿ ಎಷ್ಟೋ ದೊಡ್ಡ ಕಂಪನಿಗಳಲ್ಲೂ ಕಾಣದ ಸೊನ್ನೆ. ಅವರ ಕಣ್ಣು ದೊಡ್ಡವಾದವು. ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು.

"ಕಾಂಗರೂ ಮಿಲ್ಕ್ ಸೊಸೈಟಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಿಮಗೆ ಆಸ್ಟ್ರೇಲಿಯಾದ ಜೊತೆ ಕರಾರು ಇದೆಯೇ? ಇವರೆಲ್ಲ ಅಲ್ಲಿಯ ಸದಸ್ಯರೇ? ಮಿಸ್ಟರ್ ಸ್ಯಾಟರ್ಡೇ, ಮಿಸ್ ಪಾಜಾಮಾ… ಮಿಸ್ಟರ್ ಕುಕುಂಬರ್ ಎಂದರೆ ನಿಮ್ಮ ಪಾಲುದಾರರೇ?"

ಧನ್ಯಕುಮಾರರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಟೈ ಸರಿಪಡಿಸಿಕೊಂಡು, ಕುಂದಾದ ಡಬ್ಬಿ ಮುಂದೆ ಸರಿಸಿದರು.

ಮೇಡಂ ಹೇಳಿದ್ದರ ಅರ್ಥ ಪ್ರಮಿಳಾ ಚೇರಮನ್ನರಿಗೆ ತಿಳಿಸಿದಳು. ವಿದೇಶದ ಕರಾರು ಇದ್ದ ಸಂಘಗಳ ಮುಖ್ಯಸ್ಥರನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದು ಡೇರಿ ತೋರಿಸುವ ಒಂದು ಯೋಜನೆ ಇದೆಯಂತೆ, ಮೇಡಂ ಹೆಸರು ಬರೆದುಕೊಳ್ಳುತ್ತಾರಂತೆ. ಸಿದರಾಯರು ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದರು. ಪಟಕಾ ನೆಟ್ಟಗೆ ಮಾಡಿಕೊಂಡರು.

"ನಾನs ರೀ ಸ್ಯಾಟರ್ಡೇ," ಎಂದರು. ಆಮೇಲೆ ಮಂದಿಯ ಕಡೆ ತಿರುಗಿ ಗುಡುಗಿದರು. "ಇವತ್ತಿಂದ ಯಾರಾರ ಹೆಸರು ಏನೇನ್ ಬಂದೈತೋ ಅದs ಅವರ ಹೆಸರು. ಒಂದ್ ಅಕ್ಷರಾನೂ ತಿದ್ದಂಗಿಲ್ಲ! ಸತ್ಯಪ್ಪಾ, ನೀ ಇನ್ನ ಸ್ಲಿಪ್ಪರ್. ಕುಂದರು."

ಸತ್ಯಪ್ಪ ಕುಂತ. ಚೇರಮನ್ನರ ಮಾತು ಮೀರಿದವರ ಹಾಲು ಮರುದಿನದಿಂದ ಡೇರಿಯ ಲೆಕ್ಕದಲ್ಲಿ ತೆಳ್ಳಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೇಡಂ ಸಹಿ ಮಾಡಲು ಪೆನ್ನು ತೆಗೆದು ಒಂದು ಕೊನೆಯ ಪ್ರಶ್ನೆ ಕೇಳಿದರು. ಯಂತ್ರ ನಡೆಸಲು ಇಲ್ಲಿ ಒಬ್ಬ ಕಾಯಂ ನೌಕರ ಇರಲೇಬೇಕು, ಅದು ನಿಯಮ. ಪರದೆಯಲ್ಲಿ ಅವರ ಹೆಸರೂ ಇದೆ. ಅವರು ಓದಿದರು: "ಮಿಸ್ಟರ್ ಕಾಮೆಸ್ಟ್. ಎಲ್ಲರಿಗಿಂತ ಶಾಂತ ಮನುಷ್ಯ. ಎಂಥ ಚಂದದ ಹೆಸರು! ಇವರು ಕಾಯಂ ಅಲ್ಲವೇ?"

"ಕಾಯಂ, ಕಾಯಂ," ಎಂದರು ಸಾಹುಕಾರರು. "ಈ ಕ್ಷಣದಿಂದ ಕಾಯಂ. ನಾ ಎಲ್ಲಾರ ಎದುರಿಗೆ ಹೇಳಾಕತ್ತೇನಿ."

"ಇಲ್ಲಿ ಯಾರು ಮಿಸ್ಟರ್ ಕಾಮೆಸ್ಟ್?"

ಹಿತ್ತಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ ಕಲ್ಮೇಶನಿಗೆ ಈ ಮಾತೆಲ್ಲ ಧ್ವನಿವರ್ಧಕದಲ್ಲಿ ಕೇಳಿಸಿತು. ಅವನಿಗೆ ತಟ್ಟನೆ ಹೊಳೆಯಿತು. ಯಂತ್ರ ನಡೆಸುವವನ ಜಾಗದಲ್ಲಿ ಸುಜಯ ಬರೆದಿದ್ದದ್ದು ಕಲ್ಮೇಶ ಎಂದು. ಲಿಂಟ್ ತನ್ನನ್ನೂ ತಿದ್ದಿದೆ! ಕಾಯಂ! ಭಾವಿಯ ಹಗ್ಗ ಬಿಟ್ಟು ಓಡಿದ. ಕೆಸರಲ್ಲಿ ಜಾರಿ ಬಿದ್ದ, ಎದ್ದ, ಕಟ್ಟಿದ್ದ ಎಮ್ಮೆಗಳ ನಡುವೆ ನುಸುಳಿ ಮಂಟಪಕ್ಕೆ ಬಂದ.

ಅಷ್ಟರಲ್ಲಿ ಚೇರಮನ್ನರು ತಮ್ಮ ಬಾಜೂಕಿಗೆ ಕಣ್ಣು ಸನ್ನೆ ಮಾಡಿ ಆಗಿತ್ತು. ಅವರ ತಂಗಿಯ ಮಗನೊಬ್ಬ, ಕೆಲಸವಿಲ್ಲದೆ ಕರಿ ಕನ್ನಡಕ ಹಾಕಿ ಊರೂರು ತಿರುಗುವ ಆಸಾಮಿ, ಮುಂದೆ ಬಂದು ಅಂಗಿಯ ಕಾಲರು ಎತ್ತಿಕೊಂಡು ನಿಂತಿದ್ದ.

"ನಾನs ರೀ ಕಾಮೆಸ್ಟ್," ಎಂದ.

ಮೇಡಂ ಅವನ ಕೈಕುಲುಕಿದರು. ಹಾರ ಬಿತ್ತು. ಚಪ್ಪಾಳೆ ಬಿತ್ತು.

"ಅಲ್ರೀ! ಕಾಮೆಸ್ಟ್ ಅಂದ್ರ ನಾನು!" ಎಂದು ಕಲ್ಮೇಶ ಮಂದಿಯನ್ನು ಸೀಳಿಕೊಂಡು ಬಂದು ನಿಂತ. ಅಂಗಿಯಿಂದ ನೀರು, ಮಜ್ಜಿಗೆ, ಕೆಸರು ಮೂರೂ ಇಳಿಯುತ್ತಿದ್ದವು.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. "ಯಾರಿವರು?"

ಸಿದರಾಯರು ಶಾಂತವಾಗಿ ಕೇಳಿದರು. "ತಮ್ಮಾ, ನಿನ್ನ ಹೆಸರೇನು?"

"ಕಲ್ಮೇಶ."

"ಮತ್ತ?"

ಕಲ್ಮೇಶ ಸಾಹುಕಾರರ ಮುಖ ನೋಡಿದ. ಸಾಹುಕಾರರು ಚೇರಮನ್ನರ ಮುಖ ನೋಡಿದರು. ಮುಂದೆ ತಾಲೂಕಿನ ಎಲ್ಲ ಡೇರಿಗಳಿಗೂ ಪ್ರೋಗ್ರಾಮು ಮಾರುವುದಿತ್ತು. "ಮಿಸ್ಟರ್ ಕಾಮೆಸ್ಟ್ ಇವರs," ಎಂದು ಅವರು ಕರಿ ಕನ್ನಡಕದವನ ಬೆನ್ನು ತಟ್ಟಿದರು. ಆಮೇಲೆ ಕಲ್ಮೇಶನ ಕಿವಿಯ ಹತ್ತಿರ ಬಾಗಿ, "ನಿನ್ನ ಕೆಲಸದಿಂದ ತಗೀಲಿಲ್ಲ, ಸಮಾಧಾನ ಇಟ್ಕೋ. ಇವನಿಗೆ ಕಂಪ್ಯೂಟರ್ ಹಚ್ಚಾಕ ಬರೂದಿಲ್ಲ. ನಾಳಿ ಮುಂಜಾನೆಯಿಂದ ಬಂದು ಕಲಿಸು. ಟೆಂಪ್ರವರಿ," ಎಂದರು.

ಕಲ್ಮೇಶ ಕೊನೆಯ ಆಸೆಯಿಂದ ಮುಂದಿನ ಸಾಲಿನ ಕಡೆ ತಿರುಗಿದ. ಲಕ್ಷ್ಮೀ ತಲೆ ತಗ್ಗಿಸಿ ಬೆರಳಿಗೆ ಸೆರಗು ಸುತ್ತುತ್ತಿದ್ದಳು. ಪದ್ಮವ್ವ ಅವನನ್ನು ದಾಟಿ, ಹಾರ ಹಾಕಿಕೊಂಡು ನಿಂತವನ ಹತ್ತಿರ ಹೋಗಿ, ಅವನ ಕರಿ ಕನ್ನಡಕವನ್ನು ಮೆಲ್ಲಗೆ ಮೇಲೆತ್ತಿ ಕಣ್ಣು ನೋಡಿದಳು. ಎರಡೂ ನೆಟ್ಟಗಿದ್ದವು.

"ಕಾಮೆಸ್ಟಪ್ಪಾ," ಎಂದಳು, "ನಿನ್ನ ಲಗ್ನ ಆಗೇತೇನು?"